ಗಾಯದ ಮೇಲಣ ಪಟ್ಟಿಯೂ ಅದರ ಪದರಗಳೂ

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದವನ ಕಥೆಯನ್ನು ಅರಿಯದವಳು ನಮ್ಮ ಶಾಲೆಯಲ್ಲಿ ಕಲಿತವರೊಳಗೆ ಒಬ್ಬಳೂ ಇರಲಾರಳು. ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದಿದ್ದವನನ್ನು ಯಾಜಕನೂ ಲೇವಿಯನೂ ಕಂಡೂ ಕಾಣದವರಂತೆ ದಾಟಿಹೋದ ಮೇಲೆ, ಅನ್ಯಕುಲದ ಪ್ರಯಾಣಿಕನೊಬ್ಬನು ನಿಂತು, ಅವನ ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಕಟ್ಟಿದನಷ್ಟೆ. ನೆರೆಯವನು ಯಾರೆಂಬ ಪ್ರಶ್ನೆಯನ್ನು ಅಧ್ಯಾಪಿನಿಯರು ನಮ್ಮನ್ನು ಅನೇಕಾವರ್ತಿ ಕೇಳಿದ್ದುಂಟು. ಆದರೆ ಎಣ್ಣೆ ಯಾತಕ್ಕೆ, ದ್ರಾಕ್ಷಾರಸ ಯಾತಕ್ಕೆ, ಎರಡರಲ್ಲಿ ಒಂದು ಸಾಲದಾಗಿತ್ತೇ ಎಂದು ಕೇಳಿದವರು ಇಲ್ಲವೆಂದೇ ಹೇಳಬೇಕು. ಈ ಲೇಖನವು ಆ ಸಣ್ಣ ಪ್ರಶ್ನೆಯಿಂದ ಹೊರಡುತ್ತದೆ.

ದ್ರಾಕ್ಷಾರಸದಲ್ಲಿ ಮದ್ಯಸಾರವೂ ಹುಳಿಯೂ ಇರುವುದರಿಂದ ಅದು ಗಾಯದಲ್ಲಿರುವ ಕ್ರಿಮಿಗಳಲ್ಲಿ ಕೆಲವನ್ನಾದರೂ ಕೊಲ್ಲುತ್ತದೆ. ಆದರೆ ಹಸಿಮಾಂಸಕ್ಕೆ ಉರಿಯನ್ನೂ ಉಂಟುಮಾಡುತ್ತದೆ. ಎಣ್ಣೆಯು ಅಷ್ಟಾಗಿ ಕ್ರಿಮಿಗಳನ್ನು ಕೊಲ್ಲಲಾರದು. ಆದರೆ ಉರಿಯನ್ನು ತಣಿಸಿ, ಕಟ್ಟಿದ ಬಟ್ಟೆಯು ಗಾಯಕ್ಕೆ ಅಂಟಿಕೊಳ್ಳದಂತೆ ತಡೆಯುತ್ತದೆ. ಒಂದು ಕೊಲ್ಲುವ ವಸ್ತು, ಇನ್ನೊಂದು ಕಾಯುವ ವಸ್ತು. ಈ ಜೋಡಿಯು ಯೆಹೂದ್ಯರ ದೇಶದಲ್ಲಿ ಮಾತ್ರ ಇದ್ದುದಲ್ಲ. ಕ್ರಿಸ್ತಪೂರ್ವ ಸುಮಾರು 1600ರ ಕಾಲದ್ದೆಂದು ಎಣಿಸಲ್ಪಟ್ಟಿರುವ, ಎಡ್ವಿನ್ ಸ್ಮಿತ್ ಎಂಬವನ ಹೆಸರಿನಿಂದ ಕರೆಯಲ್ಪಡುವ ಐಗುಪ್ತದ ವೈದ್ಯಗ್ರಂಥದಲ್ಲಿ ಜೇನು, ಕೊಬ್ಬು, ನಾರಿನ ಎಳೆ ಇವು ಮೂರನ್ನು ಗಾಯಕ್ಕೆ ಕಟ್ಟುವ ವಿಧಾನವಿದೆ. ನಮ್ಮ ಸುಶ್ರುತಸಂಹಿತೆಯಲ್ಲಿ ಜೇನುತುಪ್ಪವೂ ಹಸುವಿನ ತುಪ್ಪವೂ ವ್ರಣಕ್ಕೆ ಹೇಳಲ್ಪಟ್ಟಿವೆ. ಕ್ರಿಮಿಯೆಂಬ ಮಾತನ್ನೇ ಇಂದಿನ ಅರ್ಥದಲ್ಲಿ ಅರಿಯದ ಆ ಜನರು ಅನುಭವದಿಂದಲೇ ಈ ಎರಡು ಕೆಲಸಗಳನ್ನು ಗುರುತಿಸಿದ್ದರು.

ಕಷ್ಟವೇನೆಂದರೆ, ಈ ಎರಡು ಕೆಲಸಗಳು ಒಂದಕ್ಕೊಂದು ವಿರೋಧವಾದವುಗಳು. ಕ್ರಿಮಿಯೂ ಜೀವವುಳ್ಳದ್ದು, ಹೊಸದಾಗಿ ಹುಟ್ಟುವ ಚರ್ಮದ ಜೀವಕೋಶವೂ ಜೀವವುಳ್ಳದ್ದು. ಒಂದನ್ನು ಸುಡುವ ಔಷಧವು ಇನ್ನೊಂದನ್ನು ಸುಡದೆ ಬಿಡುವುದು ಅಪೂರ್ವ. ಈ ವಿರೋಧವನ್ನು ಬಿಡಿಸುವುದಕ್ಕೆ ವೈದ್ಯರು ಕಂಡುಕೊಂಡ ಉಪಾಯವೇ ಪದರಗಳುಳ್ಳ ಗಾಯಪಟ್ಟಿ. ಒಂದೊಂದು ಪದರಕ್ಕೆ ಒಂದೊಂದು ಕೆಲಸವನ್ನು ಹಂಚಿಕೊಟ್ಟು, ಒಂದರ ಕೆಲಸವು ಇನ್ನೊಂದನ್ನು ಕೆಡಿಸದಂತೆ ನೋಡಿಕೊಳ್ಳುವುದು.

ಮೊದಲು ಚರ್ಮದ ವಿಷಯವನ್ನು ಸ್ವಲ್ಪ ತಿಳಿಯಬೇಕು. ಪ್ರಾಯಸ್ಥರ ಚರ್ಮವನ್ನು ಬಿಡಿಸಿ ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರಿನಷ್ಟು ಆಗುವುದು. ಹೊರಗೆ ತೆಳ್ಳಗಿನ ಹೊರಚರ್ಮವಿದೆ. ಅದರ ತಳದಲ್ಲಿ ಕೋಶಗಳು ಎಡೆಬಿಡದೆ ಹುಟ್ಟುತ್ತ, ಮೇಲಕ್ಕೆ ಸರಿಯುತ್ತ, ಕಡೆಗೆ ಒಣಗಿ ಉದುರುತ್ತ ಇರುವುವು. ಅದರ ಕೆಳಗೆ ದಪ್ಪನಾದ ಒಳಚರ್ಮ. ಅದು ಕೊಲ್ಲಾಜೆನ್ ಎಂಬ ನಾರುಗಳ ಹೆಣಿಗೆ, ನಡುವೆ ರಕ್ತನಾಳಗಳು, ನರಗಳು, ಕೂದಲಿನ ಬೇರುಗಳು. ಹೊರಚರ್ಮವೂ ಒಳಚರ್ಮದ ಮೇಲ್ಭಾಗವೂ ಮಾತ್ರ ಕೆಟ್ಟಿದ್ದರೆ, ಉಳಿದ ಕೂದಲಿನ ಬೇರುಗಳ ಸುತ್ತ ಇರುವ ಕೋಶಗಳು ದ್ವೀಪಗಳಂತೆ ಹರಡಿ ಗಾಯವನ್ನು ಮುಚ್ಚುತ್ತವೆ. ಒಳಚರ್ಮವು ಬುಡಸಹಿತ ಹೋದರೆ ಆ ದ್ವೀಪಗಳೂ ಇರುವುದಿಲ್ಲ. ಅಂಚಿನಿಂದ ಒಳಗೆ ತೆವಳಿ ಬರುವ ಕೋಶಗಳೇ ಗತಿ. ಆದಕಾರಣ ಒಂದೇ ಅಗಲದ ಎರಡು ಸುಟ್ಟಗಾಯಗಳಲ್ಲಿ ಒಂದು ಎರಡು ವಾರಗಳಲ್ಲಿ ಮಾಯುವುದೂ, ಇನ್ನೊಂದು ತಿಂಗಳುಗಟ್ಟಲೆ ಹಾಗೆಯೇ ಇರುವುದೂ ಉಂಟು.

ಗಾಯವಾದೊಡನೆ ರಕ್ತವು ಹೆಪ್ಪುಗಟ್ಟುತ್ತದೆ. ಬಳಿಕ ಕೆಲವು ದಿನ ಬಿಳಿಯ ರಕ್ತಕಣಗಳು ಬಂದು ಕ್ರಿಮಿಗಳನ್ನೂ ಸತ್ತ ಮಾಂಸವನ್ನೂ ತಿಂದು ತೆಗೆಯುತ್ತವೆ. ಆಗಿನ ಕೆಂಪೂ ಬಾವೂ ಈ ಕೆಲಸದ ಗುರುತು. ಆಮೇಲೆ ಹೊಸ ನಾಳಗಳೂ ನಾರುಗಳೂ ಬೆಳೆದು ಕೆಂಪಾದ ಹರಳುಹರಳಾದ ಮಾಂಸವು ಗುಣಿಯನ್ನು ತುಂಬುತ್ತದೆ. ಅದರ ಮೇಲೆ ಹೊರಚರ್ಮವು ಹರಿದುಬರುತ್ತದೆ. ಕಡೆಗೆ ತಿಂಗಳುಗಳ ಕಾಲ ಆ ಕಲೆಯು ತನ್ನನ್ನು ತಾನೇ ತಿದ್ದಿಕೊಳ್ಳುವುದು. ಎಷ್ಟು ತಿದ್ದಿಕೊಂಡರೂ ಮೊದಲಿನ ಚರ್ಮದ ಬಲದಲ್ಲಿ ನೂರಕ್ಕೆ ಸುಮಾರು 80 ಪಾಲಿಗಿಂತ ಹೆಚ್ಚು ಅದಕ್ಕೆ ಬರುವುದಿಲ್ಲ.

ಇನ್ನು ಲಿಸ್ಟರನ ಕಥೆಗೆ ಬರೋಣ. ಜೋಸೆಫ್ ಲಿಸ್ಟರನು ಗ್ಲಾಸ್ಗೋ ನಗರದ ರಾಯಲ್ ಇನ್ಫರ್ಮರಿಯಲ್ಲಿ ಶಸ್ತ್ರವೈದ್ಯನಾಗಿದ್ದ ಕಾಲದಲ್ಲಿ, ಮೂಳೆ ಮುರಿದು ಚರ್ಮವನ್ನು ತೂರಿ ಹೊರಗೆ ಬಂದವರಿಗೆ ಕಾಲನ್ನು ಕತ್ತರಿಸುವುದೇ ಸಾಮಾನ್ಯವಾದ ಚಿಕಿತ್ಸೆಯಾಗಿತ್ತು. ಕತ್ತರಿಸಿಕೊಂಡವರಲ್ಲಿಯೂ ಅನೇಕರು ಗಾಯ ಕೊಳೆತು ಸಾಯುತ್ತಿದ್ದರು. ಕೊಳೆಯುವಿಕೆಗೆ ಕಾರಣ ಸೂಕ್ಷ್ಮಜೀವಿಗಳು ಎಂಬ ಪಾಶ್ಚರನ ಬರಹಗಳನ್ನು ಲಿಸ್ಟರನು ಓದಿದನು. ಕಾರ್ಲೈಲ್ ಎಂಬ ಊರಿನಲ್ಲಿ ಚರಂಡಿಯ ಕೊಳಕಿನ ದುರ್ಗಂಧವನ್ನು ತೆಗೆಯುವುದಕ್ಕೆ ಕಾರ್ಬೋಲಿಕ್ ಆಮ್ಲವನ್ನು ಹಾಕುತ್ತಿದ್ದಾರೆಂಬುದು ಅವನ ಕಿವಿಗೆ ಬಿತ್ತು. ಚರಂಡಿಗೆ ಆದದ್ದು ಗಾಯಕ್ಕೆ ಏಕೆ ಆಗಬಾರದು? 1865ನೆಯ ಇಸವಿ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ ಹನ್ನೊಂದು ವರುಷದ ಹುಡುಗನು, ಬಂಡಿಯ ಚಕ್ರವು ಹಾದು ಕಾಲಮೂಳೆ ಮುರಿದು, ಆಸ್ಪತ್ರೆಗೆ ತರಲ್ಪಟ್ಟನು. ಲಿಸ್ಟರನು ಆ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಮೇಲೆ ಹಾಕಿ ಕಟ್ಟಿದನು. ನಾಲ್ಕು ದಿನಗಳ ಮೇಲೆ ಕಟ್ಟು ಬಿಚ್ಚಿದಾಗ ಕೀವಿನ ವಾಸನೆಯಿರಲಿಲ್ಲ. ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಹುಡುಗನು ಎರಡು ಕಾಲುಗಳೊಂದಿಗೆ ಮನೆಗೆ ಹೋದನು.

ಈ ಮಟ್ಟಿಗೆ ಎಲ್ಲಾ ಪಾಠಪುಸ್ತಕಗಳಲ್ಲಿಯೂ ಇದೆ. ಅಲ್ಲಿ ಅಷ್ಟಾಗಿ ಇಲ್ಲದ್ದೂ, ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದೂ ಮುಂದಿನ ಭಾಗ. ಕೊಳೆಯುವಿಕೆ ನಿಂತಿತಾದರೂ ಆ ಆಮ್ಲವು ಗಾಯದ ಸುತ್ತಲಿನ ಚರ್ಮವನ್ನು ಕೆಂಪಾಗಿಸಿ ಸುಡುತ್ತಿರುವುದನ್ನು ಲಿಸ್ಟರನು ತಾನೇ ಕಂಡನು. ಗೆದ್ದವನು ತನ್ನ ಆಯುಧದ ದೋಷವನ್ನು ತಾನೇ ನೋಡುವುದು ಅಪರೂಪ. ಅವನು ಆಮ್ಲವನ್ನು ನೀರಿನಲ್ಲಿಯೂ ಎಣ್ಣೆಯಲ್ಲಿಯೂ ಬೆರಸಿ ಅದರ ತೀಕ್ಷ್ಣತೆಯನ್ನು ಇಳಿಸಿದನು. ಅಲ್ಲಿಗೆ ನಿಲ್ಲದೆ, 1870ರ ದಶಕದಲ್ಲಿ ಗಾಯಪಟ್ಟಿಯನ್ನೇ ಹೊಸದಾಗಿ ಕಟ್ಟಿದನು. ಗಾಯಕ್ಕೆ ತಗುಲುವಂತೆ ಮೊದಲು ಎಣ್ಣೆ ಹಚ್ಚಿ ಮೆರುಗುಕೊಟ್ಟ ರೇಷ್ಮೆಯ ತೆಳುವಾದ ತುಂಡು. ಹೊಸ ಚರ್ಮಕ್ಕೆ ಆಮ್ಲವು ನೇರವಾಗಿ ತಗಲಬಾರದೆಂಬುದೇ ಅದರ ಉದ್ದೇಶ. ಅದರ ಮೇಲೆ ಗಾಸ್ ಬಟ್ಟೆಯೆಂಬ ಜಾಳಾದ ಹತ್ತಿಬಟ್ಟೆಯ ಎಂಟು ಮಡಿಕೆಗಳು. ಆ ಬಟ್ಟೆಗೆ ಕಾರ್ಬೋಲಿಕ್ ಆಮ್ಲವನ್ನು ರಾಳದಲ್ಲಿಯೂ ಪ್ಯಾರಫಿನ್ ಮೇಣದಲ್ಲಿಯೂ ಕರಗಿಸಿ ಹಿಡಿಸಿದ್ದರು. ಯಾಕಂದರೆ ರಾಳವು ಆಮ್ಲವನ್ನು ಬಿಗಿಯಾಗಿ ಹಿಡಿದುಕೊಂಡು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಇನ್ನು ಏಳನೆಯ ಮಡಿಕೆಗೂ ಎಂಟನೆಯದಕ್ಕೂ ನಡುವೆ, ಮಳೆಯಂಗಿಗೆ ಉಪಯೋಗಿಸುವ ಮ್ಯಾಕಿಂಟಾಷ್ ಬಟ್ಟೆಯ ಒಂದು ಹಾಳೆ. ಅದಿಲ್ಲದಿದ್ದರೆ ಗಾಯದಿಂದ ಒಸರುವ ನೀರು ನೆಟ್ಟಗೆ ಮೇಲೆದ್ದು ಒಂದೇ ಕಡೆಯಿಂದ ಹೊರಬಿದ್ದು, ಆ ತೇವದ ದಾರಿಯಿಂದಲೇ ಕ್ರಿಮಿಗಳು ಒಳಗೆ ಇಳಿಯುವುವು. ಹಾಳೆಯು ಅಡ್ಡವಾದರೆ ಆ ನೀರು ಬಟ್ಟೆಯ ಅಗಲವನ್ನೆಲ್ಲಾ ಹಾದು ಅಂಚಿನವರೆಗೆ ಹರಿಯಬೇಕು. ಅಷ್ಟರಲ್ಲಿ ಆಮ್ಲವು ಅದನ್ನು ಶುದ್ಧಿಮಾಡುವುದು.

ವಾಚಕರು ಈ ಮೂರು ಪದರಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕೆಳಗೆ ಹೊಸ ಚರ್ಮವನ್ನು ಕಾಯುವ ಪದರ, ನಡುವೆ ನೀರನ್ನು ಹೀರಿ ಔಷಧವನ್ನು ಮೆಲ್ಲನೆ ಬಿಡುವ ಪದರ, ಮೇಲೆ ಹೊರಗಿನದನ್ನು ತಡೆಯುವ ಪದರ. ಇಂದು ಪ್ರಯೋಗಶಾಲೆಗಳಲ್ಲಿ ಹೊಸದೆಂದು ಹೇಳಲ್ಪಡುವ ಪಟ್ಟಿಗಳ ಕಟ್ಟಡವು ಬಹುಮಟ್ಟಿಗೆ ಇದೇ. ವಸ್ತುಗಳು ಮಾತ್ರ ಬೇರೆ.

ಮೊದಲನೆಯ ಮಹಾಯುದ್ಧದಲ್ಲಿ ಈ ವಿಚಾರವು ಕಠಿನವಾದ ಪರೀಕ್ಷೆಗೆ ಗುರಿಯಾಯಿತು. ಫ್ರಾನ್ಸಿನ ಬುಲೋನ್ ಎಂಬಲ್ಲಿ ಕೆಲಸಮಾಡುತ್ತಿದ್ದ ಅಲೆಗ್ಸಾಂಡರ್ ಫ್ಲೆಮಿಂಗನು, ಅಂದರೆ ಮುಂದೆ 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದವನೇ, ಗಾಜಿನ ಕೊಳವೆಯಲ್ಲಿ ಮುಳ್ಳುಗಳಂತೆ ಸಂದುಗಳನ್ನು ಎಳೆದು ಕೃತಕ ಗಾಯವನ್ನು ಮಾಡಿ, ಎಷ್ಟು ಕ್ರಿಮಿನಾಶಕವನ್ನು ಸುರಿದರೂ ಅದು ಸಂದುಗಳ ಕೊನೆಯನ್ನು ಮುಟ್ಟದೆಂದು ತೋರಿಸಿದನು. ಕ್ರಿಮಿಗಳು ಸಂದಿನಲ್ಲಿ ಸುಖವಾಗಿ ಉಳಿಯುತ್ತಿದ್ದುವು. ಅವುಗಳನ್ನು ತಿನ್ನಬೇಕಾದ ಬಿಳಿಯ ರಕ್ತಕಣಗಳು ಔಷಧದಿಂದ ಸಾಯುತ್ತಿದ್ದುವು. ಅದೇ ಯುದ್ಧದಲ್ಲಿ ಕಾರೆಲ್, ಡಾಕಿನ್ ಎಂಬವರು ನೂರಕ್ಕೆ ಅರ್ಧ ಪಾಲಿನ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಗಾಯಗಳನ್ನು ಆಗಾಗ ತೊಳೆಯುವ ಕ್ರಮವನ್ನು ಏರ್ಪಡಿಸಿದರು. ಫ್ರಾನ್ಸಿನ ಲ್ಯೂಮಿಯೇರ್, ಚಲಚ್ಚಿತ್ರವನ್ನು ಲೋಕಕ್ಕೆ ಕೊಟ್ಟ ಸಹೋದರರಲ್ಲಿ ಒಬ್ಬನು, ಮೇಣ ಹಿಡಿಸಿದ ಜಾಳುಬಟ್ಟೆಯನ್ನು ಬಳಕೆಗೆ ತಂದನು. ಅದು ಗಾಯಕ್ಕೆ ಅಂಟದು. ಸಮಾರ್ಯದವನ ಎಣ್ಣೆಯೇ ಮತ್ತೆ ಬಂದಿತೆನ್ನಬಹುದು.

ಇಷ್ಟೆಲ್ಲಾ ಆದರೂ ಗಾಯವು ಒಣಗಬೇಕು, ಗಾಳಿಯಾಡಬೇಕು, ಹಕ್ಕಳೆ ಕಟ್ಟಬೇಕು ಎಂಬ ನಂಬಿಕೆಯು ವೈದ್ಯರಲ್ಲಿಯೂ ಅಜ್ಜಿಯರಲ್ಲಿಯೂ ಸಮಾನವಾಗಿ ಇತ್ತು. ನಮ್ಮ ಮನೆಗಳಲ್ಲಿ ಈಗಲೂ ಇದೆ. ಮಗುವಿನ ಮೊಣಕಾಲು ತರಚಿದರೆ, ‘ಬಿಟ್ಟುಬಿಡು, ಗಾಳಿಗೆ ಒಣಗಲಿ’ ಎಂದು ಹೇಳದ ತಾಯಿಯು ಯಾರು? ಈ ನಂಬಿಕೆಯನ್ನು ಅಲುಗಿಸಿದವನು ಇಂಗ್ಲೆಂಡಿನ ಜಾರ್ಜ್ ವಿಂಟರ್. ಅವನು ಎಳೆಯ ಹಂದಿಗಳ ಬೆನ್ನಿನ ಮೇಲೆ ಆಳವಿಲ್ಲದ ಸಣ್ಣ ಗಾಯಗಳನ್ನು ಮಾಡಿ, ಕೆಲವನ್ನು ತೆರೆದುಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ, ದಿನದಿನಕ್ಕೆ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಮುಚ್ಚಿದ ಗಾಯಗಳು ತೆರೆದವುಗಳ ಸುಮಾರು ಎರಡರಷ್ಟು ವೇಗದಿಂದ ಹೊರಚರ್ಮವನ್ನು ಪಡೆದುವು. 1962ರಲ್ಲಿ ಅವನು ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಮರುವರುಷವೇ ಹಿನ್ಮನ್, ಮೈಬಾಕ್ ಎಂಬ ಇಬ್ಬರು ಮನುಷ್ಯರ ಚರ್ಮದಲ್ಲಿಯೂ ಹಾಗೆಯೇ ಆಗುವುದನ್ನು ಕಂಡರು.

ಕಾರಣವು ಸುಲಭವಾಗಿ ತಿಳಿಯುವಂಥದು. ಹೊಸ ಕೋಶಗಳು ಹಾರಿಬರುವುದಿಲ್ಲ, ತೆವಳಿಬರುತ್ತವೆ. ತೆವಳುವುದಕ್ಕೆ ತೇವವಾದ ನೆಲ ಬೇಕು. ಗಾಯವು ಒಣಗಿದರೆ ಮೇಲ್ಗಡೆ ಒಳಚರ್ಮದ ಒಂದಂಶವೂ ಸತ್ತು ಹಕ್ಕಳೆಯೊಂದಿಗೆ ಸೇರುತ್ತದೆ. ಪಾಪ, ಕೋಶಗಳು ಅದರ ಕೆಳಗೆ ಸುರಂಗವನ್ನು ತೋಡಿಕೊಂಡು ಆಳದಲ್ಲಿ ಸಾಗಬೇಕಾಗುವುದು. ತೇವವಿದ್ದರೆ ಮೇಲೆಯೇ ನೆಟ್ಟಗೆ ಸಾಗುವುವು. ಆದರೆ ತೇವವೆಂದರೆ ನೀರು ನಿಂತ ಕೆಸರಲ್ಲ. ಬಹಳ ಹೊತ್ತು ನೀರಿನಲ್ಲಿ ಬಟ್ಟೆ ಒಗೆದ ಕೈ ಬೆಳ್ಳಗೆ ನೆನೆದು ಮೆತ್ತಗಾಗುವಂತೆ, ಗಾಯದ ಅಂಚೂ ನೆನೆದು ಹರಿಯುವುದುಂಟು. ಸಹಜವಾದ ಚರ್ಮದ ಒಂದು ಚದರ ಮೀಟರಿನಿಂದ ದಿನಕ್ಕೆ ಸುಮಾರು 200 ಗ್ರಾಂ ನೀರು ಆವಿಯಾಗಿ ಹೋಗುತ್ತದೆ. ಚರ್ಮ ಹೋಗಿ ಹಸಿಮಾಂಸ ತೋರುವ ಗಾಯದಲ್ಲಿ ಅದು 5000 ಗ್ರಾಂ ಸಮೀಪಕ್ಕೆ ಏರಬಹುದು. ಒಳ್ಳೆಯ ಪಟ್ಟಿಯು ಇವೆರಡರ ನಡುವೆ, ದಿನಕ್ಕೆ ಸುಮಾರು 2000 ರಿಂದ 2500 ಗ್ರಾಂ ಆವಿಯನ್ನು ಬಿಡುವಂತಿರಬೇಕೆಂದು ಅನೇಕರ ಎಣಿಕೆ. ಹೆಚ್ಚು ಬಿಟ್ಟರೆ ಒಣಗುವುದು, ಕಡಿಮೆ ಬಿಟ್ಟರೆ ಕೊಳೆಯುವುದು.

ಈ ಅಳತೆಗೆ ತಕ್ಕ ಮೇಲ್ಪದರವಾಗಿ 1970ರ ದಶಕದಿಂದ ಪಾಲಿಯುರೆಥೇನಿನ ತೆಳುಹಾಳೆಯು ಬಳಕೆಯಲ್ಲಿದೆ. ನೀರಿನ ಹನಿಯನ್ನೂ ಕ್ರಿಮಿಯನ್ನೂ ಅದು ಬಿಡದು. ಆವಿಯನ್ನು ಮಾತ್ರ ಬಿಡುವುದು. ನಡುವಣ ಪದರಕ್ಕೆ ಸ್ಪಂಜಿನಂಥ ನೊರೆ, ಅಥವಾ ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ನಾರು. ಈ ಆಲ್ಜಿನೇಟಿನ ವರ್ತನೆಯು ರಸಾಯನಶಾಸ್ತ್ರದ ತರಗತಿಯಲ್ಲಿ ತೋರಿಸತಕ್ಕದ್ದು. ನಾರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ. ಗಾಯದ ನೀರಿನಲ್ಲಿ ಸೋಡಿಯಂ ಇರುತ್ತದೆ. ಎರಡೂ ಸ್ಥಳಗಳನ್ನು ಅದಲುಬದಲು ಮಾಡಿಕೊಂಡೊಡನೆ ಒಣನಾರು ಉಬ್ಬಿ ಗಂಜಿಯಂಥ ಲೋಳೆಯಾಗಿ ಗುಣಿಯನ್ನು ತುಂಬುವುದು. ತೆಗೆಯುವಾಗ ಎಳೆಯಬೇಕಾಗಿಲ್ಲ, ತೊಳೆದರೆ ಹೋಗುವುದು. ಒಣಗಿದ ಗಾಸ್ ಬಟ್ಟೆಯನ್ನು ಕಿತ್ತಾಗ ಹೊಸ ಚರ್ಮವೂ ಕಿತ್ತುಬಂದು ರಕ್ತ ಸುರಿಯುವುದನ್ನು ಕಂಡಿರುವ ದಾದಿಯರು, ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅಂಥವರು ಅನೇಕರಿದ್ದಾರೆ, ಈ ಒಂದು ಗುಣದ ಬೆಲೆಯನ್ನು ಬಲ್ಲರು.

ಕೆಳಗಿನ ಪದರದಲ್ಲಿಯೇ ಇಂದಿನ ಸಂಶೋಧನೆಯು ಹೆಚ್ಚಾಗಿ ನಡೆದಿದೆ. ಸಿಲಿಕೋನಿನ ಮೃದುವಾದ ಜಾಲರಿ ಒಂದು ಬಗೆ. ಇನ್ನೊಂದು ಬಗೆಯು ವಿದ್ಯುತ್ತಿನಿಂದ ನೂತ ನೂಲು. ಕೊಲ್ಲಾಜೆನ್, ಜೆಲಾಟಿನ್, ಸಿಗಡಿ ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನ್ ಮುಂತಾದವುಗಳ ದ್ರಾವಣವನ್ನು ಪಿಚಕಾರಿಯ ಸೂಜಿಯಿಂದ ಮೆಲ್ಲನೆ ದೂಡುತ್ತ, ಸೂಜಿಗೂ ಎದುರಿನ ಲೋಹದ ಫಲಕಕ್ಕೂ ನಡುವೆ ಹತ್ತಾರು ಸಾವಿರ ವೋಲ್ಟುಗಳನ್ನು ಏರ್ಪಡಿಸಿದರೆ, ಹನಿಯು ಬೀಳದೆ ಎಳೆಯಾಗಿ ಸೆಳೆಯಲ್ಪಟ್ಟು ಫಲಕದ ಮೇಲೆ ಬಿಳಿಯ ಹಾಳೆಯಾಗಿ ಕೂರುವುದು. ಅದರ ಎಳೆಯು ತಲೆಗೂದಲಿನ ನೂರರಲ್ಲೊಂದು ಪಾಲಿಗಿಂತಲೂ ತೆಳು. ಒಳಚರ್ಮದ ನಾರುಗಳೂ ಅದೇ ಅಳತೆಯವಾದುದರಿಂದ ಕೋಶಗಳು ಅದನ್ನು ತಮ್ಮ ಮನೆಯೆಂದೇ ಎಣಿಸಿ ಅದರ ಮೇಲೆ ಹರಡುತ್ತವೆ. ಈ ಎಳೆಯೊಳಗೇ ಕ್ರಿಮಿನಾಶಕವನ್ನು ಸೇರಿಸಬಹುದು. ಎಳೆಯ ಮೇಲ್ಮೈಯಲ್ಲಿ ಇರುವ ಔಷಧವು ಮೊದಲ ಗಂಟೆಗಳಲ್ಲಿಯೇ ಬಿಡುಗಡೆಯಾಗಿ ಗಾಯದಲ್ಲಿ ಆಗಲೇ ಸೇರಿರುವ ಕ್ರಿಮಿಗಳನ್ನು ಹೊಡೆಯುವುದು. ಒಳಗೆ ಹುದುಗಿದುದು ದಿನಗಟ್ಟಲೆ ಜಿನುಗಿ ಹೊಸವು ಬೆಳೆಯದಂತೆ ಕಾಯುವುದು. ಲಿಸ್ಟರನ ರಾಳವು ಮಾಡಿದ ಕೆಲಸವೇ ಇದು.

ಯಾವ ಕ್ರಿಮಿನಾಶಕ? ಇಲ್ಲಿ ಬೆಳ್ಳಿಯ ಹೆಸರು ಮೊದಲು ಬರುತ್ತದೆ. ಬೆಳ್ಳಿಯ ಅಯಾನುಗಳು ಕ್ರಿಮಿಯ ಹೊರಪೊರೆಯನ್ನೂ ಅದರ ಸಸಾರಜನಕ ವಸ್ತುಗಳನ್ನೂ ಕೆಡಿಸುತ್ತವೆ. 1965ರಲ್ಲಿ ಮೋಯರ್ ಎಂಬವನು ನೂರಕ್ಕೆ ಅರ್ಧ ಪಾಲಿನ ಸಿಲ್ವರ್ ನೈಟ್ರೇಟಿನಿಂದ ಸುಟ್ಟಗಾಯಗಳನ್ನು ನೆನಸುವ ಕ್ರಮವನ್ನು ತಂದನು. 1968ರಲ್ಲಿ ಫಾಕ್ಸ್ ಎಂಬವನು ಬೆಳ್ಳಿಯನ್ನು ಸಲ್ಫಾ ಔಷಧದೊಂದಿಗೆ ಕೂಡಿಸಿ ಸಿಲ್ವರ್ ಸಲ್ಫಾಡಯಜೀನ್ ಎಂಬ ಬಿಳಿಯ ಮುಲಾಮನ್ನು ಮಾಡಿದನು. ಇದು ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಸುಪರಿಚಿತ. ಆದರೆ 2013ರಲ್ಲಿ ಕೊಕ್ರೇನ್ ಸಂಸ್ಥೆಯವರು ಸುಟ್ಟಗಾಯದ ಪಟ್ಟಿಗಳ ಮೇಲಣ ಪರೀಕ್ಷೆಗಳನ್ನೆಲ್ಲಾ ಒಟ್ಟುಗೂಡಿಸಿ ನೋಡಿದಾಗ, ಆ ಮುಲಾಮಿಗೆ ಹೋಲಿಸಿದರೆ ಸಿಲಿಕೋನ್ ಪಟ್ಟಿ, ಬೆಳ್ಳಿ ಸೇರಿಸಿದ ಪಟ್ಟಿ ಮುಂತಾದವುಗಳಲ್ಲಿಯೇ ಗಾಯವು ಉತ್ತಮವಾಗಿ ಮಾಯುವಂತೆ ಕಂಡುಬಂದಿತು. ಪರೀಕ್ಷೆಗಳಲ್ಲಿ ಅನೇಕವು ಸಣ್ಣವೂ ಕುಂದುಳ್ಳವೂ ಆಗಿದ್ದುವೆಂದು ಅವರೇ ಎಚ್ಚರಿಸಿದ್ದಾರೆ. ಆದರೂ ಬೆಳ್ಳಿ ಒಂದೇ. ಮುಲಾಮಾಗಿ ಒಮ್ಮೆಗೇ ಬಳಿದರೆ ಒಂದು ಫಲ, ಪದರದೊಳಗಿಂದ ಜಿನುಗಿದರೆ ಇನ್ನೊಂದು ಫಲ ಎಂಬುದು ಗಮನಿಸತಕ್ಕ ಸಂಗತಿ.

ಸಾಮಾನ್ಯವಾದ ಪ್ರತಿಜೈವಿಕಗಳನ್ನು ಪಟ್ಟಿಯಲ್ಲಿ ತುಂಬುವುದಕ್ಕೆ ಅನೇಕರು ಹಿಂಜರಿಯುತ್ತಾರೆ. ಯಾಕಂದರೆ ಸ್ವಲ್ಪಸ್ವಲ್ಪವಾಗಿ ದೊರೆಯುವ ಔಷಧಕ್ಕೆ ಕ್ರಿಮಿಗಳು ಒಗ್ಗಿಕೊಂಡು ಬಲಿಯುವ ಭಯವಿದೆ. ಅದಲ್ಲದೆ ಹಳೆಯ ಹುಣ್ಣುಗಳಲ್ಲಿ ಕ್ರಿಮಿಗಳು ಲೋಳೆಯ ಹೊದಿಕೆಯನ್ನು ತಾವೇ ನೆಯ್ದುಕೊಂಡು ಅದರೊಳಗೆ ಅವಿತಿರುತ್ತವೆ. ಜೇನು, ಅರಿಸಿನದ ಸಾರ, ಬೇವು ಇವುಗಳ ಮೇಲೆಯೂ ಪ್ರಯೋಗಗಳು ನಡೆದಿವೆ. ಜೇನಿನ ಗುಣವು ಮಾತ್ರ ಚೆನ್ನಾಗಿ ತಿಳಿದುಬಂದಿದೆ. ಅದರ ಗಟ್ಟಿಸಕ್ಕರೆಯು ಕ್ರಿಮಿಗಳ ನೀರನ್ನು ಸೆಳೆಯುವುದಲ್ಲದೆ, ಅದರಲ್ಲಿರುವ ಒಂದು ಕಿಣ್ವವು ಹೈಡ್ರೊಜನ್ ಪೆರಾಕ್ಸೈಡನ್ನು ಮೆಲ್ಲನೆ ಹುಟ್ಟಿಸುತ್ತದೆ. ಆದರೆ ಅಡಿಗೆಮನೆಯ ಜೇನಿನಲ್ಲಿ ಕ್ರಿಮಿಗಳ ಬೀಜಕಗಳು ಇರಬಹುದಾದುದರಿಂದ, ವಿಕಿರಣದಿಂದ ಶುದ್ಧಿಮಾಡಿದ ಜೇನನ್ನೇ ಆಸ್ಪತ್ರೆಯಲ್ಲಿ ಉಪಯೋಗಿಸುತ್ತಾರೆ. ಅರಿಸಿನದ ಬಣ್ಣದ ವಸ್ತುವು ನೀರಿನಲ್ಲಿ ಕರಗದು. ಅದನ್ನು ಎಳೆಗಳಲ್ಲಿ ಹುದುಗಿಸುವ ಸಾಹಸವು ಅನೇಕ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿದೆ.

ಪತ್ರಿಕೆಗಳಲ್ಲಿ ‘ಹೊಸ ಪಟ್ಟಿ ಕಂಡುಹಿಡಿಯಲ್ಪಟ್ಟಿತು’ ಎಂದು ಓದಿದಾಗ ಯಾವ ಮೆಟ್ಟಲಿನವರೆಗೆ ಅದು ಹತ್ತಿದೆಯೆಂದು ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಮೊದಲನೆಯದಾಗಿ ಕ್ರಿಮಿಗಳನ್ನು ಬಿತ್ತಿದ ಅಗರ್ ತಟ್ಟೆಯ ಮೇಲೆ ಪಟ್ಟಿಯ ಬಿಲ್ಲೆಯನ್ನಿಟ್ಟು ಸುತ್ತಲೂ ಎಷ್ಟು ಅಗಲ ಬೆಳೆ ನಿಂತಿತೆಂದು ಅಳೆಯುತ್ತಾರೆ. ಆಮೇಲೆ ಅದೇ ಬಿಲ್ಲೆಯ ಸಾರವನ್ನು ಚರ್ಮದ ಕೋಶಗಳಿಗೆ ಕೊಟ್ಟು ಅವು ಬದುಕಿದುವೋ ಎಂದು ನೋಡುತ್ತಾರೆ. ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುವ ಪಟ್ಟಿಗಳು ಕಡಿಮೆಯೇನಲ್ಲ. ಬಳಿಕ ಇಲಿಗಳು. ಇಲಿಯ ಚರ್ಮವು ಸಡಿಲವಾದುದರಿಂದ ಅದರ ಗಾಯವು ಚೀಲದ ಬಾಯಿಯನ್ನು ಸೆಳೆದಂತೆ ಕುಗ್ಗಿ ಮುಚ್ಚಿಕೊಳ್ಳುವುದು. ನಮ್ಮ ಚರ್ಮವು ಬಹುಮಟ್ಟಿಗೆ ಹೊಸದನ್ನು ಬೆಳಸಿಯೇ ಮುಚ್ಚಿಕೊಳ್ಳಬೇಕು. ಆದಕಾರಣ ಇಲಿಯಲ್ಲಿ ಕಂಡ ವೇಗವನ್ನು ಮನುಷ್ಯನಲ್ಲಿ ನಿರೀಕ್ಷಿಸಲಾಗದು. ಹಂದಿಯ ಚರ್ಮವೇ ನಮ್ಮದಕ್ಕೆ ಹತ್ತಿರ. ವಿಂಟರನು ಹಂದಿಯನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಕಡೆಗೆ ರೋಗಿಗಳು. ಪ್ರಕಟವಾಗುವ ಪಟ್ಟಿಗಳಲ್ಲಿ ಹೆಚ್ಚಿನವು ಈ ಕಡೆಯ ಮೆಟ್ಟಲನ್ನು ಹತ್ತುವುದೇ ಇಲ್ಲ.

ಹತ್ತಿದವುಗಳಲ್ಲಿ ಒಂದರ ಕಥೆಯು ಹೇಳತಕ್ಕದ್ದಾಗಿದೆ. ಅಮೆರಿಕದ ಬಾಸ್ಟನಿನಲ್ಲಿ ಜಾನ್ ಬರ್ಕ್ ಎಂಬ ಶಸ್ತ್ರವೈದ್ಯನೂ ಯಾನಿಸ್ ಯಾನಸ್ ಎಂಬ ವಸ್ತುವಿಜ್ಞಾನಿಯೂ ಕೂಡಿ, ದನದ ಕೊಲ್ಲಾಜೆನ್ನಿಗೆ ತಿಮಿಂಗಿಲಮೀನಲ್ಲ, ಶಾರ್ಕ್ ಮೀನಿನ ಮೆದುಮೂಳೆಯಿಂದ ತೆಗೆದ ಒಂದು ವಸ್ತುವನ್ನು ಸೇರಿಸಿ ಸ್ಪಂಜಿನಂಥ ಹಾಳೆಯನ್ನು ಮಾಡಿದರು. ಅದರ ಮೇಲೆ ಸಿಲಿಕೋನಿನ ಹೊದಿಕೆ. ಬಹುಭಾಗ ಸುಟ್ಟವರ ಮೈಮೇಲೆ ಇದನ್ನು ಹಾಸಿದಾಗ, ರೋಗಿಯ ಸ್ವಂತ ಕೋಶಗಳೂ ನಾಳಗಳೂ ಸ್ಪಂಜಿನೊಳಗೆ ನುಗ್ಗಿ ಬೆಳೆದು ಹೊಸ ಒಳಚರ್ಮವನ್ನು ಕಟ್ಟಿದುವು. ಹಳೆಯ ಸ್ಪಂಜು ಕ್ರಮೇಣ ಕರಗಿಹೋಯಿತು. ಎರಡು ಮೂರು ವಾರಗಳ ಮೇಲೆ ಸಿಲಿಕೋನನ್ನು ಸುಲಿದು ತೆಳುವಾದ ಹೊರಚರ್ಮವನ್ನು ಕಸಿಮಾಡಿದರು. 1981ರಲ್ಲಿ ಇದರ ಫಲವು ಪ್ರಕಟವಾಯಿತು. 1996ರಲ್ಲಿ ಅಮೆರಿಕ ಸರಕಾರದ ಅನುಮತಿ ದೊರೆಯಿತು. ನಡುವೆ ಹದಿನೈದು ವರುಷಗಳು.

ಅಂಥ ಪಟ್ಟಿಯ ಬೆಲೆಯನ್ನು ತೆರುವುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಸಾಧ್ಯ? ಮುಂಬಯಿಯ ವೈದ್ಯರು ಈ ಪ್ರಶ್ನೆಗೆ ತಮ್ಮದೇ ಉತ್ತರವನ್ನು ಹುಡುಕಿದರು. 1985ರಲ್ಲಿ ಅಲ್ಲಿನ ಕೇಸ್ವಾನಿ, ಪಾಟೀಲ ಎಂಬವರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಸುಟ್ಟಗಾಯದ ಪಟ್ಟಿಯಾಗಿ ಉಪಯೋಗಿಸಿದುದನ್ನು ಪ್ರಕಟಿಸಿದರು. 2003ರಲ್ಲಿ ಅಲ್ಲಿಯವರೇ ಆದ ಗೋರೆ, ಅಕೋಲೇಕರ್ ಎಂಬವರು ಬಾಳೆಯ ಎಲೆಯನ್ನು ಆಳವಿಲ್ಲದ ಸುಟ್ಟಗಾಯಗಳಿಗೆ ಹಾಸಿ ಪರೀಕ್ಷಿಸಿ, ಮೇಣದ ಗಾಸ್ ಬಟ್ಟೆಗಿಂತ ಅದು ನೋವನ್ನು ಕಡಿಮೆಮಾಡುವುದೆಂದು ತೋರಿಸಿದರು. ಎಲೆಯ ಮೇಲ್ಮೈ ಮೇಣದಂತೆ ನುಣುಪು, ತಣ್ಣಗೆ, ಗಾಯಕ್ಕೆ ಅಂಟದು. ಮಗುವು ಕಿರಿಚದಂತೆ ಬಿಡಿಸಬಹುದು. ನಾವು ಊಟಕ್ಕೆ ಹಾಸುವ ಎಲೆಯೇ. ಆದರೆ ತೋಟದಿಂದ ಕೊಯ್ದ ಎಲೆಯನ್ನು ನೇರವಾಗಿ ಗಾಯಕ್ಕೆ ಹಾಸತಕ್ಕದ್ದಲ್ಲ. ಆಸ್ಪತ್ರೆಯಲ್ಲಿ ಅದನ್ನು ಹಾಳೆಯಾಗಿ ಕತ್ತರಿಸಿ, ಒತ್ತಡದ ಹಬೆಯಲ್ಲಿ ಕ್ರಿಮಿರಹಿತವಾಗಿ ಮಾಡಿ, ಆಮೇಲೆ ಉಪಯೋಗಿಸುತ್ತಾರೆ.

ಸುಟ್ಟಗಾಯದ ಮಾತು ಬಂದುದರಿಂದ ಒಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಡಿಗೆಮನೆಯಲ್ಲಿ ಕೆಲಸಮಾಡುವವರು ಹೆಚ್ಚಾಗಿ ನಾವೇ ಅಲ್ಲವೇ. ಸಾರಿನ ಪಾತ್ರೆ ಮಗುಚಿದರೆ ಮೊದಲು ಬೇಕಾದದ್ದು ಪಟ್ಟಿಯಲ್ಲ, ನೀರು. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ, ಗಡಿಯಾರವನ್ನು ನೋಡಿಕೊಂಡು. ಮಂಜುಗಡ್ಡೆ ಬೇಡ. ಬಾವು ಏರುವುದಕ್ಕೆ ಮುಂಚೆ ಬಳೆ ಉಂಗುರಗಳನ್ನು ತೆಗೆಯಬೇಕು, ಅಂಟಿಕೊಂಡ ಬಟ್ಟೆಯನ್ನು ಎಳೆಯಬಾರದು, ಗುಳ್ಳೆಯನ್ನು ಒಡೆಯಬಾರದು. ಶಾಯಿ, ಕಾಫಿಪುಡಿ, ಹಲ್ಲುಜ್ಜುವ ಪೇಸ್ಟು, ದೋಸೆಹಿಟ್ಟು ಇವುಗಳನ್ನು ಬಳಿದುಕೊಂಡು ಬಂದ ರೋಗಿಯ ಗಾಯವು ಎಷ್ಟು ಆಳವಾಗಿದೆಯೆಂದು ನೋಡುವುದಕ್ಕೆ ವೈದ್ಯರು ಮೊದಲು ಅವನ್ನೆಲ್ಲಾ ಉಜ್ಜಿ ತೆಗೆಯಬೇಕಾಗುತ್ತದೆ. ಆ ನೋವು ಸುಟ್ಟ ನೋವಿಗಿಂತ ಕಡಿಮೆಯಲ್ಲ. ಶುಭ್ರವಾದ ಒಗೆದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಸಾಕು.

ಇನ್ನೊಂದು ವಿಧದ ಗಾಯವಿದೆ. ಅದಕ್ಕೆ ಎಂಥ ಪದರದ ಪಟ್ಟಿ ಕಟ್ಟಿದರೂ ಮಾಯದು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾಕ್ಟರ್ ಪಾಲ್ ಬ್ರಾಂಡರು ಕುಷ್ಠರೋಗಿಗಳ ಅಂಗಾಲಿನ ಹುಣ್ಣುಗಳನ್ನು ವರುಷಗಟ್ಟಲೆ ನೋಡಿದರು. ರೋಗದಿಂದಲೇ ಮಾಂಸ ಕೊಳೆಯುತ್ತದೆಂದು ಆಗಿನವರ ನಂಬಿಕೆ. ಅವರು ಕಂಡದ್ದು ಬೇರೆ: ನರಗಳು ಸತ್ತು ನೋವು ತಿಳಿಯದವನು ಹುಣ್ಣಿನ ಮೇಲೆಯೇ ನಡೆಯುತ್ತಾನೆ, ಹೆಜ್ಜೆಹೆಜ್ಜೆಗೂ ಹೊಸ ಕೋಶಗಳು ಅರೆದುಹೋಗುತ್ತವೆ. ಕಾಲಿಗೆ ಪ್ಲಾಸ್ಟರ್ ಹಾಕಿ ಭಾರವನ್ನು ಅಂಗಾಲಿಗೆಲ್ಲಾ ಹಂಚಿದರೆ ಅದೇ ಹುಣ್ಣು ಮಾಯುವುದು. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದ ಮೇಲೆ ಈ ವಿಧಾನವು ಅಲ್ಲಿಂದ ಸಕ್ಕರೆಕಾಯಿಲೆಯವರ ಕಾಲುಹುಣ್ಣಿಗೂ ಹಬ್ಬಿತು.

ಈಗ ನಮ್ಮ ಮನೆಗಳಲ್ಲಿ ಕುಷ್ಠವು ಅಪರೂಪ, ಸಕ್ಕರೆಕಾಯಿಲೆಯು ಸಾಮಾನ್ಯ. ಬೆಳ್ಳಿಯ ಪಟ್ಟಿಯನ್ನು ದುಬಾರಿ ಬೆಲೆಗೆ ತಂದು ಕಟ್ಟಿಸಿಕೊಂಡು, ಅದೇ ಕಾಲಿನಲ್ಲಿ ಬರಿಗಾಲಾಗಿ ದೇವಾಲಯಕ್ಕೂ ಅಂಗಡಿಗೂ ನಡೆದು ಬರುವ ತಂದೆತಾಯಿಗಳು ಎಷ್ಟು ಮಂದಿಯಿಲ್ಲ! ಅವರಿಗೆ ನೋವಿಲ್ಲವಾದುದರಿಂದ ಗಾಯವಿದೆಯೆಂಬುದೇ ಮರೆತುಹೋಗುವುದು. ಆದದರಿಂದ ಸಕ್ಕರೆಕಾಯಿಲೆಯುಳ್ಳ ಹಿರಿಯರು ಮನೆಯಲ್ಲಿದ್ದರೆ, ರಾತ್ರಿ ಮಲಗುವ ಮುಂಚೆ ಅವರ ಎರಡು ಅಂಗಾಲುಗಳನ್ನೂ ಬೆರಳುಸಂದುಗಳನ್ನೂ ದೀಪದ ಬೆಳಕಿನಲ್ಲಿ ಯಾರಾದರೊಬ್ಬರು ನೋಡತಕ್ಕದ್ದು. ಅವರಿಗೆ ಬಗ್ಗಿ ನೋಡಿಕೊಳ್ಳಲಾಗದಿದ್ದರೆ ನೆಲದ ಮೇಲೆ ಒಂದು ಕನ್ನಡಿಯನ್ನಿಟ್ಟು ತೋರಿಸಬಹುದು. ಕೆಂಪೋ, ಬೊಬ್ಬೆಯೋ, ಕಾಲುಚೀಲದಲ್ಲಿ ಒದ್ದೆಯ ಕಲೆಯೋ ಕಂಡರೆ ಆ ಕಾಲನ್ನು ನೆಲಕ್ಕೆ ಊರಗೊಡದೆ, ಮರುದಿನವೇ ವೈದ್ಯರಿಗೆ ತೋರಿಸತಕ್ಕದ್ದು.